ಐವತ್ತರ ಊರಿಗೆ ಅರವತ್ತರ ಪತ್ರಿಕೆ

ಹಿರೇಹಡಗಲಿಯ ನನ್ನ ಸೋದರಮಾವ ವಿಡಿಯೊ ತೆಗೆಯೋದನ್ನ ಯಾವ ಶಾಲೆಯಲ್ಲೂ ಕಲಿತವರಲ್ಲ. ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ ಬೇರೆಯವರ ಹಿಂದೆ ಲೈಟು ಹಿಡಿದು ಮದುವೆ ಮದುವೆ ಸುತ್ತಿ ಕಲಿತರು. 2009ರಲ್ಲಿ ಕಂಪನಿಯವರು ನನ್ನನ್ನು ಮೂರು ತಿಂಗಳು ಅಮೆರಿಕಕ್ಕೆ ಕಳಿಸಿದಾಗ ಮಾವ ಕೇಳಿದ್ದು ಎರಡೇ. ಒಂದು ಕ್ಯಾಮೆರಾ, ಇನ್ನೊಂದು ಪತ್ರಿಕೆ. "ಇಂಗ್ಲಿಷ್ ಇದ್ರೂ ನಡೀತೈತಿ ಅಳಿಯಾ, ಚಿತ್ರ ನೋಡಿ ತಿಳ್ಕಂತೀನಿ" ಅಂದಿದ್ದರು.

ಅಂಗಡಿಯ ಕಪಾಟಿನ ಮುಂದೆ ಅರ್ಧ ಗಂಟೆ ನಿಂತೆ. ಕೊನೆಗೆ ಮುಖಪುಟ ಚೆನ್ನಾಗಿದ್ದ ಒಂದು ಪತ್ರಿಕೆ ಆರಿಸಿ, ಅದರಲ್ಲಿ ಹೊಗಳಿದ್ದ ಕ್ಯಾಮೆರಾವನ್ನೇ ಕೊಂಡೆ.

ಇಂಥ ಪತ್ರಿಕೆಗಳು ಹುಟ್ಟಿದ್ದಕ್ಕೂ ಒಂದು ಕಥೆ ಇದೆ. ಮೊದಲು ವಿಡಿಯೊ ತೆಗೆಯಬೇಕೆಂದರೆ ಕೈಯಲ್ಲಿ ಕ್ಯಾಮೆರಾ, ಹೆಗಲಲ್ಲಿ ರೆಕಾರ್ಡರು, ನಡುವೆ ಕೇಬಲ್ಲು. 1983ರಲ್ಲಿ ಸೋನಿ ಕಂಪನಿಯ ಬೀಟಾಮೂವಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿತು. ಟಿವಿ ಸ್ಟುಡಿಯೊದವರೂ ಅಲ್ಲದ, ಬರೀ ಮಕ್ಕಳ ಬರ್ತ್‌ಡೇ ತೆಗೆದು ಸುಮ್ಮನಾಗುವವರೂ ಅಲ್ಲದ ಒಂದು ನಡುವಿನ ಮಂದಿ ಆಗ ಹುಟ್ಟಿಕೊಂಡರು. ಅವರಿಗಾಗಿಯೇ 1986ರಲ್ಲಿ ಕ್ಯಾಲಿಫೋರ್ನಿಯಾದಿಂದ 'ವಿಡಿಯೊಮೇಕರ್' ಬಂತು. ನಮ್ಮಲ್ಲಿ 1997ರಲ್ಲಿ ಮುಂಬೈಯಿಂದ 'ಬೆಟರ್ ಫೋಟೊಗ್ರಫಿ' ಶುರುವಾಯಿತು, ಆದರೆ ಅದು ಮುಖ್ಯವಾಗಿ ಸ್ಥಿರಚಿತ್ರದವರದ್ದು. ಮಾವನಂಥವರಿಗೆ ಕನ್ನಡದಲ್ಲಿ ಓದಲು ಸಿಗುತ್ತಿದ್ದದ್ದು ಕ್ಯಾಮೆರಾ ಡಬ್ಬಿಯ ಮೇಲಿನ ಬೆಲೆ ಮಾತ್ರ!

ಹೊಸ ಕ್ಯಾಮೆರಾದ ಮೊದಲ ಪರೀಕ್ಷೆ ನಮ್ಮ ತಾಲ್ಲೂಕಿನದೇ ಮೈಲಾರ ಜಾತ್ರೆಯಲ್ಲಿ ಆಯಿತು. ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಹಗಲ ಬೆಳಕಿನಲ್ಲಿ ತೆಗೆದರು. ಅಚ್ಚುಕಟ್ಟಾಗಿ ಬಂತು. ಅದೇ ಧೈರ್ಯದ ಮೇಲೆ ಒಂದು ಮದುವೆ ಒಪ್ಪಿಕೊಂಡರು. ಹಿಂದಿನ ರಾತ್ರಿ ಅರಿಶಿಣ ಶಾಸ್ತ್ರ, ಹಾಲ್ ತುಂಬಾ ಟ್ಯೂಬ್‌ಲೈಟು. ಮರುದಿನ ಟಿವಿಗೆ ಹಾಕಿ ನೋಡಿದರೆ ಇಡೀ ಹಾಲು ಪಟಪಟ ಮಿಣುಕುತ್ತಿದೆ. ಮದುಮಗಳ ಅಜ್ಜಿ ಅವಳ ಕೆನ್ನೆಗೆ ಅರಿಶಿಣ ಹಚ್ಚುವ ದೃಶ್ಯವನ್ನಂತೂ ಕಣ್ಣಿಟ್ಟು ನೋಡಲಾಗುತ್ತಿರಲಿಲ್ಲ. "ದೀಪ ಯಾಕ ಹಿಂಗ ಬಡ್ಕೊಳ್ಳಾಕತ್ತಾವು ಅಳಿಯಾ?" ಅಂತ ಫೋನ್ ಮಾಡಿದರು. ಬಿ.ಇ. ಓದಿದವನಿಗೆ ಉತ್ತರ ಗೊತ್ತಿರಲಿಲ್ಲ. ಮಾವ ಅಡ್ವಾನ್ಸ್ ವಾಪಸ್ ಕೊಟ್ಟರು. ಆ ವರ್ಷ ಮಳೆಗಾಲಕ್ಕೆ ಅಜ್ಜಿ ತೀರಿಕೊಂಡರು.

ಉತ್ತರ ಇದ್ದದ್ದು ನೂರು ವರ್ಷಕ್ಕೂ ಹಿಂದೆ. 1890ರ ದಶಕದಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಕರೆಂಟಿಗೆ 60 ಹರ್ಟ್ಸ್ ಆರಿಸಿಕೊಂಡಿತು, ಜರ್ಮನಿಯ ಎಇಜಿ 50 ಆರಿಸಿಕೊಂಡಿತು. ಟಿವಿ ಬಂದಾಗ ಅದೂ ಆಯಾ ದೇಶದ ಕರೆಂಟಿನ ಹಿಂದೆಯೇ ನಡೆಯಿತು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸೆಕೆಂಡಿಗೆ 30 ಚಿತ್ರ. ಜರ್ಮನಿಯ ವಾಲ್ಟರ್ ಬ್ರುಕ್ ರೂಪಿಸಿದ ಪಾಲ್ ಪದ್ಧತಿಯಲ್ಲಿ 25. ನಮ್ಮ ಕರೆಂಟು 50 ಹರ್ಟ್ಸ್. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಪಾಲ್ ಹಿಡಿದೆವು.

ಚೋಕ್ ಇರುವ ಟ್ಯೂಬ್‌ಲೈಟು ನಮ್ಮೂರಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಪಾಲ್ ಕ್ಯಾಮೆರಾ ಸೆಕೆಂಡಿಗೆ 50 ಸಲ ಕಣ್ಣು ಬಿಡುತ್ತೆ, ಪ್ರತಿ ಸಲಕ್ಕೂ ಎರಡೆರಡು ಮಿಣುಕು, ಲೆಕ್ಕ ಸಮ. ನಾನು ತಂದ ಕ್ಯಾಮೆರಾ 60 ಸಲ ಕಣ್ಣು ಬಿಡುತ್ತಿತ್ತು. ನೂರನ್ನು ಅರವತ್ತಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಒಂದು ಚಿತ್ರಕ್ಕೆ ಬೆಳಕು ಹೆಚ್ಚು, ಮುಂದಿನದಕ್ಕೆ ಕಮ್ಮಿ. ಸೂರ್ಯ ಮಿಣುಕಲ್ಲ, ಅದಕ್ಕೇ ಮೈಲಾರದಲ್ಲಿ ಬಚಾವಾಗಿದ್ದೆವು. ಎಡವಿದ್ದು ನಾವಷ್ಟೇ ಅಲ್ಲ. ಕ್ಯಾನನ್ 5ಡಿ ಮಾರ್ಕ್ 2 ಎಂಬ ಹೆಸರಾಂತ ಕ್ಯಾಮೆರಾ 2008ರಲ್ಲಿ ಬಂದಾಗ ಅದರಲ್ಲೂ 30 ಚಿತ್ರದ ಲೆಕ್ಕವೊಂದೇ ಇತ್ತು. 25 ಸೇರಿದ್ದು 2010ರ ಮಾರ್ಚಿನಲ್ಲಿ, ಹೊಸ ತಂತ್ರಾಂಶದ ಮೂಲಕ.

ಹಂಗಾಗಿ ವಿಡಿಯೊ ಪತ್ರಿಕೆ ಆರಿಸೋರಿಗೆ ನನ್ನ ಮಾತಿಷ್ಟೇ. ಮೊದಲು ಅದು ಯಾವ ಕರೆಂಟಿನ ದೇಶದ್ದು ನೋಡಿ. ಪಾಲ್ ಇದ್ದ ಬ್ರಿಟನ್ನಿನ ಪತ್ರಿಕೆಯ ಅಂಕಿಗಳು ನಮಗೆ ನೇರ ಹೊಂದುತ್ತವೆ. ಆಮೇಲೆ ಒಳಗಿನ ಪುಟಗಳನ್ನು ಎಣಿಸಿ. ಹೊಸ ಮಾಡೆಲ್‌ಗಳ ವಿಮರ್ಶೆಯೇ ತುಂಬಿದ್ದರೆ ಎರಡು ವರ್ಷಕ್ಕೆ ರದ್ದಿ. ಮೈಕನ್ನು ಎಲ್ಲಿಡಬೇಕು, ಮುಖಕ್ಕೆ ಬೆಳಕು ಯಾವ ಕಡೆಯಿಂದ ಬೀಳಬೇಕು, ಎಲ್ಲಿ ಕತ್ತರಿಸಬೇಕು ಅಂತ ಹೇಳುವ ಪುಟಗಳು ಮಾತ್ರ ಹಳೆಯದಾಗಲ್ಲ, ಯಾವ ದೇಶದ್ದಾದರೂ ಸರಿ.

ಮಾವ ಆ ಅಮೆರಿಕದ ಪತ್ರಿಕೆಯನ್ನು ಎಸೆಯಲಿಲ್ಲ. ಅದರ ಚಿತ್ರಗಳನ್ನು ನೋಡಿಯೇ ಕಿಟಕಿಯ ಬೆಳಕಲ್ಲಿ ಮದುಮಗಳನ್ನು ಕೂರಿಸೋದು ಕಲಿತರು. ಕ್ಯಾಮೆರಾವನ್ನೂ ಮಾರಲಿಲ್ಲ. ಶಟರನ್ನು 1/100ಕ್ಕೆ ಇಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಒಂದೊಂದು ಮಿಣುಕು ಸಿಗುತ್ತೆ, ಪಟಪಟ ನಿಲ್ಲುತ್ತೆ ಅಂತ ನಾನು ತಡವಾಗಿ ಓದಿ ಹೇಳಿದೆ. ಒಂದು ಬಿಳಿ ಪಟ್ಟಿ ಅಂಟಿಸಿ ಸ್ಕೆಚ್ ಪೆನ್ನಿಂದ '100' ಅಂತ ಬರೆದುಕೊಂಡರು. ಈಗ ಅವರ ಹತ್ತಿರ ಬೇರೆ ಕ್ಯಾಮೆರಾ ಇದೆ, ಹಳೆಯದು ಅಟ್ಟದ ಮೇಲಿದೆ. ಪಟ್ಟಿ ಇನ್ನೂ ಕಿತ್ತಿಲ್ಲ.

ಆ ಅಜ್ಜಿಯ ಮನೆಯವರು ಮಿಣುಕುವ ಡಿವಿಡಿಯನ್ನೇ ಇಸಕೊಂಡು ಹೋಗಿದ್ದರು. ಅವರ ಹತ್ತಿರ ಅಜ್ಜಿ ಓಡಾಡುವ ವಿಡಿಯೊ ಅಂತ ಇರೋದು ಅದೊಂದೇ.