ನಾವಿಕರ ಹಾಜರಿ ಪಟ್ಟಿ: ಬ್ರಿಟನ್ನಿನ ಗುಲಾಮ ವ್ಯಾಪಾರದ ವಾದವಿವಾದ, 1787–1807

ಆಫ್ರಿಕನ್ ಗುಲಾಮ ವ್ಯಾಪಾರದ ನಿಷೇಧವನ್ನು ಕರುಣೆಯ ಗೆಲುವೆಂದು ಬರೆಯುವುದು ವಾಡಿಕೆ. ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆಗಳನ್ನು ಓದುತ್ತಾ ಹೋದರೆ ಚಿತ್ರ ಅಷ್ಟು ಸರಳವಿಲ್ಲ. ಕರುಣೆಯ ಮಾತು ಮೊದಲಿನಿಂದಲೂ ಇತ್ತು. ಸಾಕಷ್ಟು ಮತ ಮಾತ್ರ ಬೀಳುತ್ತಿರಲಿಲ್ಲ.

ವ್ಯಾಪಾರದ ಪರವಾಗಿದ್ದವರ ಬತ್ತಳಿಕೆಯಲ್ಲಿ ಧರ್ಮವೂ ಇತ್ತು. ರೇಮಂಡ್ ಹ್ಯಾರಿಸ್ ಎಂಬ ಪಾದ್ರಿ 1788ರಲ್ಲಿ ಬೈಬಲಿನ ಆಧಾರ ಕೊಟ್ಟು ಸಮರ್ಥಿಸಿದಾಗ ಲಿವರ್‌ಪೂಲ್ ನಗರಾಡಳಿತ ಅವನಿಗೆ 100 ಪೌಂಡ್ ಇನಾಮು ಕೊಟ್ಟಿತು. ಸ್ವತಃ ಗುಲಾಮ ವ್ಯಾಪಾರಿಯಾಗಿದ್ದ ಆರ್ಚಿಬಾಲ್ಡ್ ಡಾಲ್ಜೆಲ್, ಕೊಳ್ಳುವವರಿಲ್ಲದಿದ್ದರೆ ಪಶ್ಚಿಮ ಆಫ್ರಿಕಾದ ದಹೋಮಿಯ ಅರಸರು ಯುದ್ಧಕೈದಿಗಳನ್ನು ಕೊಂದೇಬಿಡುತ್ತಿದ್ದರು ಎಂದ. ಆದರೆ ಸಂಸದರ ಮೇಲೆ ನಾಟುತ್ತಿದ್ದುದು ಲೆಕ್ಕಾಚಾರದ ಮಾತು: ನಾವು ಬಿಟ್ಟರೆ ಫ್ರೆಂಚರು ಹಿಡಿಯುತ್ತಾರೆ, ಸಕ್ಕರೆಯ ದ್ವೀಪಗಳು ಹಾಳು ಬೀಳುತ್ತವೆ, ನೌಕಾಪಡೆಗೆ ನಾವಿಕರನ್ನು ಪಳಗಿಸುವ ಶಾಲೆಯೇ ಮುಚ್ಚುತ್ತದೆ.

ಈ ಕೊನೆಯ ವಾದವನ್ನು ನಿಷೇಧದ ಪರ ಹೋರಾಡುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಬುಡಸಮೇತ ಕಿತ್ತ. ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಲ್ಲಿ ಹಡಗುಗಳ ಹಾಜರಿ ಪಟ್ಟಿಗಳನ್ನು ಹುಡುಕಿ, ಸಾವಿರಾರು ನಾವಿಕರ ಹೆಸರುಗಳನ್ನು ಒಂದೊಂದಾಗಿ ಬೆನ್ನಟ್ಟಿದ. ಅವನು ಕೊಟ್ಟ ಲೆಕ್ಕದಂತೆ 1786ರಲ್ಲಿ ಹೊರಟ 5,000 ನಾವಿಕರಲ್ಲಿ ಮನೆಗೆ ಮರಳಿದವರು 2,320, ಸತ್ತವರು 1,130. ಉಳಿದವರಲ್ಲಿ ಬಹುಪಾಲು ವೆಸ್ಟ್ ಇಂಡೀಸ್‌ನಲ್ಲಿ ಹಡಗು ಬಿಟ್ಟವರು ಅಥವಾ ಬಿಡಿಸಲ್ಪಟ್ಟವರು. ಗುಲಾಮರನ್ನು ಇಳಿಸಿದ ಮೇಲೆ ಅಷ್ಟು ಸಿಬ್ಬಂದಿ ಬೇಕಿಲ್ಲವೆಂದು ಕಪ್ತಾನರೇ ಅವರನ್ನು ಕಿರುಕುಳ ಕೊಟ್ಟು ಓಡಿಸುತ್ತಿದ್ದರು. ನಾವಿಕರ ಶಾಲೆಯೆಂದು ಕರೆದದ್ದು ಅವರ ಸ್ಮಶಾನವಾಗಿತ್ತು. ಆಫ್ರಿಕನ್ನರ ಸಾವನ್ನು ಕೇಳಿಸಿಕೊಳ್ಳದ ಸಭೆಗೆ ಇಂಗ್ಲಿಷ್ ನಾವಿಕನ ಸಾವನ್ನು ಎಣಿಸಿ ತೋರಿಸಬೇಕಾಯಿತು. ಕ್ಲಾರ್ಕ್‌ಸನ್‌ನ ಜಾಣತನವೂ ಆ ಸಭೆಯ ಹಣೆಬರಹವೂ ಇದರಲ್ಲೇ ತಿಳಿಯುತ್ತದೆ. ಕೋರ್ಟಿನ ಕಥೆಯೂ ಬೇರೆಯಲ್ಲ: 1781ರಲ್ಲಿ ಝಾಂಗ್ ಎಂಬ ಗುಲಾಮ ಹಡಗಿನಿಂದ ನೂರಮೂವತ್ತಕ್ಕೂ ಹೆಚ್ಚು ಗುಲಾಮರನ್ನು ಜೀವಂತ ಸಮುದ್ರಕ್ಕೆಸೆದದ್ದು ಕೋರ್ಟಿನ ಕಟ್ಟೆ ಏರಿದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ವಿಮೆಯ ತಕರಾರಾಗಿ.

ಆಫ್ರಿಕನ್ನರ ಸ್ಥಿತಿಯನ್ನು ಕಣ್ಣಿಗೆ ಕಟ್ಟಿಸಿದ್ದು ಬ್ರೂಕ್ಸ್ ಎಂಬ ಹಡಗಿನ ನಕ್ಷೆ. 1789ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪ್ರತಿಯಲ್ಲಿ 482 ಮನುಷ್ಯಾಕೃತಿಗಳಿವೆ. ಒಬ್ಬ ಗಂಡಸಿಗೆ ಆರಡಿ ಉದ್ದ, ಒಂದಡಿ ನಾಲ್ಕಂಗುಲ ಅಗಲದ ಜಾಗ. ಮಗ್ಗುಲು ಬದಲಿಸಲೂ ಆಗದು. ಇದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಲು ಸಾಧ್ಯವಿರಲಿಲ್ಲ, ಏಕೆಂದರೆ ಅದೇ ಹಡಗು ಹಿಂದೊಮ್ಮೆ 609 ಮಂದಿಯನ್ನು ತುಂಬಿಕೊಂಡು ಹೋಗಿತ್ತು. ಅದೇ ವರ್ಷ ಆತ್ಮಕಥೆ ಪ್ರಕಟಿಸಿದ ಓಲೌಡಾ ಈಕ್ವಿಯಾನೊ, ತಾನೇ ಗುಲಾಮನಾಗಿದ್ದವನು, ಆಫ್ರಿಕನ್ನರನ್ನು ಮಾರುವುದಕ್ಕಿಂತ ಅವರಿಗೆ ಬ್ರಿಟಿಷ್ ಬಟ್ಟೆಬರೆ ಮಾರುವುದರಲ್ಲಿ ಲಾಭ ಹೆಚ್ಚೆಂದು ತೋರಿಸಿದ. ಅವನಿಗೂ ಸಭಿಕರು ಯಾರೆಂದು ಗೊತ್ತಿತ್ತು.

1791ರಲ್ಲಿ ಸಂಸದ ವಿಲ್ಬರ್‌ಫೋರ್ಸ್‌ನ ನಿಷೇಧ ಮಸೂದೆ 163–88ರಿಂದ ಬಿದ್ದಿತು. ಮರುವರ್ಷ ನೂರಾರು ಮನವಿಗಳು ಪಾರ್ಲಿಮೆಂಟಿಗೆ ಬಂದಾಗ ಮಂತ್ರಿ ಹೆನ್ರಿ ಡಂಡಾಸ್ ವಿರೋಧಿಸಲಿಲ್ಲ. ನಿಷೇಧ ಹಂತಹಂತವಾಗಿ ಆಗಲಿ ಎಂದು ತಿದ್ದುಪಡಿ ತಂದ. ಹಾಗೆ ತಿದ್ದಿದ ನಿರ್ಣಯ 230–85ರಿಂದ ಅಂಗೀಕಾರವಾಯಿತು, ವ್ಯಾಪಾರ ಇನ್ನೂ ಹದಿನೈದು ವರ್ಷ ನಡೆಯಿತು. ನೇರ ಸಮರ್ಥಕರೆಲ್ಲ ಸೇರಿ ಮಾಡಲಾಗದ್ದನ್ನು ಈ ಒಪ್ಪಿಗೆಯ ಧಾಟಿಯ ವಿಳಂಬ ಮಾಡಿತೆಂದು ನನ್ನ ಎಣಿಕೆ. 1796ರಲ್ಲಂತೂ ನಾಲ್ಕೇ ಮತಗಳ ಸೋಲು. ಬೆಂಬಲಿಗರಲ್ಲಿ ಕೆಲವರು ಅಂದು ಒಪೆರಾ ನೋಡಲು ಹೋಗಿದ್ದರು!

ಗಂಟು ಬಿಡಿಸಿದವನು ವಕೀಲ ಜೇಮ್ಸ್ ಸ್ಟೀಫನ್. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗ, ಶತ್ರುವಿನ ವಸಾಹತುಗಳಿಗೆ ಬ್ರಿಟಿಷರೇ ಗುಲಾಮರನ್ನು ಒದಗಿಸುವುದು ಶತ್ರುವನ್ನೇ ಸಾಕಿದಂತೆ ಎಂಬ ವಾದ ಹೂಡಿದ. ನೀತಿಯ ಪ್ರಸ್ತಾಪವನ್ನು ಹಿಂದಿಟ್ಟು ತಂದ 1806ರ ಕಾಯ್ದೆ ವ್ಯಾಪಾರದ ದೊಡ್ಡ ಪಾಲನ್ನೇ ಕಡಿಯಿತು. 1807ರ ಫೆಬ್ರವರಿಯಲ್ಲಿ ಪೂರ್ಣ ನಿಷೇಧ 283–16ರಿಂದ ಗೆದ್ದಿತು.

ನಿಂತದ್ದು ವ್ಯಾಪಾರವೇ ಹೊರತು ಗುಲಾಮಗಿರಿಯಲ್ಲ. 1833ರ ವಿಮೋಚನಾ ಕಾಯ್ದೆ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ವೆಸ್ಟ್ ಇಂಡೀಸ್ ಸಕ್ಕರೆಯನ್ನು ಬಹಿಷ್ಕರಿಸಿದ ಇಂಗ್ಲಿಷ್ ಮನೆಗಳಿಗೆ ಗುಲಾಮರ ಬೆವರಿಲ್ಲದ್ದೆಂದು ಈಸ್ಟ್ ಇಂಡಿಯಾ ಸಕ್ಕರೆ ಮಾರಾಟವಾಗುತ್ತಿತ್ತು. ಅದೇ ಕಂಪನಿಯ ಆಳ್ವಿಕೆಗೆ ಸೇರಿದ್ದ ಮಲಬಾರ್ ಮತ್ತು ಕೆನರಾದ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಫ್ರಾನ್ಸಿಸ್ ಬುಕಾನನ್ 1800–01ರ ತನ್ನ ಪ್ರವಾಸದಲ್ಲಿ ಕಂಡು ದಾಖಲಿಸಿದ್ದ. ಅವರ ಮೇಲಿನ ಮಾಲೀಕರ ಹಕ್ಕನ್ನು ಕಾನೂನು ಕೈಬಿಟ್ಟದ್ದು 1843ರಲ್ಲಿ.