ಎಡೆದೊರೆ ನಾಡಿನ ಕ್ರೈಸ್ತಭಕ್ತಿ: ಏಕನಿಷ್ಠೆಯ ಪ್ರಶ್ನೆ

ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಮುದಗಲ್ಲಿನಲ್ಲಿ ಆದಿಲಶಾಹೀ ಕಾಲದಲ್ಲಿಯೇ ಕಥೋಲಿಕ ಸಭೆ ಬೇರೂರಿತೆಂಬುದೂ, 1810ರಲ್ಲಿ ನೆರೆಯ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನ ಪರಿಶ್ರಮದಿಂದ ಬೈಬಲ್ಲು ಕನ್ನಡಕ್ಕಿಳಿಯಿತೆಂಬುದೂ ನಿರ್ವಿವಾದ. ವಿವಾದವಿರುವುದು ಬೇರೆಡೆ. ಇಬ್ಬರು ಒಡೆಯರನ್ನು ಒಬ್ಬನು ಸೇವಿಸಲಾರನೆಂಬ ಮತ್ತಾಯನ ಸುವಾರ್ತೆಯ ಬೋಧೆಯು ಇಲ್ಲಿಯ ಭಕ್ತಿಪರಂಪರೆಗೆ ಪರಕೀಯವೆಂದೂ, ಕಥೋಲಿಕರು ಮರಿಯಮ್ಮನಿಗೂ ಸಂತರಿಗೂ ಸಲ್ಲಿಸುವ ಗೌರವವು ಪೂರ್ವದ ಬಹುದೇವತೋಪಾಸನೆಯ ಶೇಷವೆಂದೂ ಹಳೆಯ ಮಿಷನರಿ ಬರಹಗಳಲ್ಲಿ ಕಾಣುವ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ಪರಕೀಯತೆಯ ಮಾತು ನಿಲ್ಲುವಂಥದಲ್ಲ. ಶರಣ ಸತಿ, ಲಿಂಗ ಪತಿಯೆಂಬ ಭಾವವನ್ನು ಬಲ್ಲವನಿಗೆ, ದೇವರನ್ನು ತೊರೆದ ಜನಾಂಗವನ್ನು ಪತಿಯನ್ನು ತೊರೆದ ಸತಿಗೆ ಹೋಲಿಸಿದ ಪ್ರವಾದಿ ಹೋಶೇಯನ ವೇದನೆ ತಿಳಿಯದೆ ಹೋದೀತೆ? ಕ್ರೈಸ್ತ ಬೋಧಕರಾಗಿದ್ದೇ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿದ ಉತ್ತಂಗಿ ಚನ್ನಪ್ಪನವರ ನಿಷ್ಠೆ ಎಲ್ಲಿಯೂ ಇಬ್ಭಾಗವಾಗಲಿಲ್ಲ.

ಸಂತರ ಗೌರವದ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಇಲ್ಲಿ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರನ್ನೂ, ಅವರ ಶಿಷ್ಯರಾದ ಮಾನ್ವಿಯ ಜಗನ್ನಾಥದಾಸರನ್ನೂ (1728–1809) ನೆನೆಯಬೇಕು. ಜಗನ್ನಾಥದಾಸರ 'ಹರಿಕಥಾಮೃತಸಾರ'ವು ನೆಲೆನಿಂತಿರುವ ಮಾಧ್ವಸಿದ್ಧಾಂತದಲ್ಲಿ ಹರಿಯೊಬ್ಬನೇ ಸ್ವತಂತ್ರನು; ಬ್ರಹ್ಮಾದಿ ದೇವತೆಗಳು ಅವನಿಗಧೀನರಾದ ಜೀವರು. ಅವರವರ ತಾರತಮ್ಯವನ್ನರಿತು ವಂದಿಸುವುದು ಹರಿಯ ಸರ್ವೋತ್ತಮತ್ವಕ್ಕೆ ಕುಂದಲ್ಲ, ಅದರ ಅಂಗೀಕಾರವೇ ಆಗಿದೆ. ಹಾಗಾದರೆ ಅನೇಕರಿಗೆ ಕೈಮುಗಿದ ಮಾತ್ರಕ್ಕೆ ನಿಷ್ಠೆ ಒಡೆಯಿತೆಂಬ ನಿರ್ಣಯವನ್ನು ಈ ನೆಲದಲ್ಲಿ ಅವಸರದಿಂದ ಮಾಡಲಾಗದು.

ಗುಡಿಯೊಳಗಿನ ಆಚರಣೆಯೂ ಇದನ್ನೇ ಸಮರ್ಥಿಸುತ್ತದೆ. ಕಥೋಲಿಕ ಭಕ್ತೆಯು ಪರಮಪ್ರಸಾದದ ಸನ್ನಿಧಿಯಲ್ಲಿ ಬಲ ಮೊಣಕಾಲನ್ನು ನೆಲಕ್ಕೂರುತ್ತಾಳೆ. ಪಕ್ಕದ ಮರಿಯಮ್ಮನ ಪ್ರತಿಮೆಯ ಮುಂದೆ ಮೇಣದ ಬತ್ತಿ ಹಚ್ಚಿ ತಲೆಬಾಗುತ್ತಾಳೆ. ಜಪಮಾಲೆಯಲ್ಲಿ ಆ ತಾಯಿಯಿಂದ ಬೇಡುವುದು, ತನಗೋಸ್ಕರ ದೇವರನ್ನು ಪ್ರಾರ್ಥಿಸೆಂದು. ಆರಾಧನೆ ದೇವರೊಬ್ಬನಿಗೇ, ಉಳಿದವರಿಗೆ ಗೌರವ ಮಾತ್ರವೆಂದು 787ರ ನೈಸಿಯ ಮಹಾಸಭೆ ಎಳೆದ ಗೆರೆಯನ್ನು ಅವಳ ದೇಹವೇ ಬಲ್ಲುದು.

ತಾರತಮ್ಯದ ಸಂಸ್ಕಾರವಿದ್ದ ಈ ಪರಿಸರವು ಕಥೋಲಿಕರ ಏಕನಿಷ್ಠೆಯನ್ನು ಕದಡದೆ, ಅದನ್ನು ಅರ್ಥೈಸಿಕೊಳ್ಳಲು ನೆರವಾಗಿರಬಹುದೆಂಬುದೇ ನನ್ನ ವಾದ. ನೆರವಾಗಿರಬಹುದು ಎನ್ನುತ್ತೇನೆ, ನೆರವಾಯಿತೆಂದಲ್ಲ. ಸಾದೃಶ್ಯವು ಪ್ರಭಾವಕ್ಕೆ ಪ್ರಮಾಣವಲ್ಲ. ಮಾಧ್ವರಲ್ಲಿ ಜೀವರ ತಾರತಮ್ಯವು ಸ್ವರೂಪಸಿದ್ಧವೂ ನಿತ್ಯವೂ ಆದುದು. ಕ್ರೈಸ್ತರಲ್ಲಿ ಸಂತರ ಹಿರಿಮೆ ಕೃಪೆಯ ಫಲ, ಪಾಪಿಷ್ಠನಿಗೂ ಬಾಗಿಲು ಮುಚ್ಚಿಲ್ಲ. ದಾಸರ ಹಾಡು ಯಾವ ಕೇರಿಗಳನ್ನು ಮುಟ್ಟಿತು, ಕ್ರೈಸ್ತರಾದವರು ಯಾವ ಕೇರಿಗಳಿಂದ ಬಂದರು ಎಂಬುದನ್ನೂ ಈ ವಾದ ಎದುರಿಸಲೇಬೇಕು. ಹರಿದಾಸರ ದೀಕ್ಷೆ ಬಹುಮಟ್ಟಿಗೆ ದ್ವಿಜರಲ್ಲಿಯೇ ಉಳಿದಿದ್ದರೆ, ನನ್ನ ಊಹೆ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ.

ಇದು ಗ್ರಂಥಗಳಿಂದ ಮಾತ್ರವೇ ತೀರುವ ಪ್ರಶ್ನೆಯಲ್ಲ. ಮುದಗಲ್ಲು, ಮಾನ್ವಿ, ದೇವದುರ್ಗಗಳ ಹಿರಿಯ ಕ್ರೈಸ್ತ ಹೆಂಗಸರ ಬಾಯಲ್ಲಿ ಹಳೆಯ ಭಕ್ತಿಗೀತಗಳನ್ನು ಕೇಳಿದವರು ಅವನ್ನು ಬರೆದಿಟ್ಟು ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ.