ರಜೆ, ರಾಜಿ, ರಾಜೀನಾಮೆ

"ಅಕ್ಕಾ, ರೆಸಿಗ್ನೇಶನ್ನಿಗೆ ಕನ್ನಡದಾಗ ಏನಂತಾರ?"

2018ರ ಫೆಬ್ರುವರಿ. ರಾತ್ರಿ ಹನ್ನೊಂದರ ಮೇಲಾಗಿತ್ತು. ಬೆಂಗಳೂರಿನಿಂದ ತಂಗಿಯ ಫೋನು. ರಾಜೀನಾಮೆ ಎಂದೆ. "ಅದು ಕನ್ನಡ ಹೌದೇನು?" ಎಂದು ಮತ್ತೆ ಕೇಳಿದಳು. ಒಂಬತ್ತು ವರ್ಷ ದುಡಿದ ಕಂಪನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದಳು. ಕಳಿಸುವ ಮುಂಚೆ ಅದನ್ನೇ ಒಮ್ಮೆ ನಮ್ಮ ಮಾತಿನಲ್ಲಿ ಹೇಳಿ ನೋಡಬೇಕು ಅನ್ನಿಸಿತ್ತಂತೆ. ಹೇಳಲು ಹೋದರೆ ಮಾತೇ ಸಿಕ್ಕಿರಲಿಲ್ಲ.

ಅವಳ ಆಫೀಸಿನಲ್ಲಿ ಯಾರೂ ರಾಜೀನಾಮೆ ಎನ್ನುವುದಿಲ್ಲ. 'ಪೇಪರ್ ಹಾಕಿದೆ' ಎನ್ನುತ್ತಾರೆ. ಆಮೇಲೆ ತೊಂಬತ್ತು ದಿನದ ನೋಟಿಸ್ ಪೀರಿಯಡ್, ಕಡೆಗೆ ರಿಲೀವಿಂಗ್ ಲೆಟರ್. ಸರ್ಕಾರಿ ನೌಕರರು ರಾಜೀನಾಮೆ ಸಲ್ಲಿಸುತ್ತಾರೆ, ಮಂತ್ರಿಗಳು ನೀಡುತ್ತಾರೆ, ವಿರೋಧ ಪಕ್ಷದವರು ಅದಕ್ಕೆ ಆಗ್ರಹಿಸುತ್ತಾರೆ. ನಮ್ಮ ಧಾರವಾಡದ ಕಡೆ ಸಿಟ್ಟಿಗೆದ್ದವನು ರಾಜೀನಾಮೆ ಒಗೆದು ಬರುತ್ತಾನೆ. ಅವ್ವನ ಮಾತಿನಲ್ಲಿ ಇವು ಯಾವುವೂ ಇಲ್ಲ. ಸುದ್ದಿ ಕೇಳಿದಾಗ ಅವಳು ಕೇಳಿದ್ದು ಎರಡೇ ಪದ: "ಯಾಕ ಬಿಟ್ಲು?"

ಅವತ್ತು ನನಗೆ ನಿದ್ದೆ ಹತ್ತಲಿಲ್ಲ. ತಂಗಿಯ ಚಿಂತೆ ಒಂದು ಕಡೆ, ಅವಳು ಕೇಳಿದ ಪದ ಇನ್ನೊಂದು ಕಡೆ. ಎದ್ದು ನಿಘಂಟು ತೆಗೆದೆ.

ರಾಜೀನಾಮೆಯೊಳಗೆ ರಾಜನೂ ಇಲ್ಲ, ನಾಮವೂ ಇಲ್ಲ. 'ನಾಮೆ' ಪಾರಸಿ ಮಾತು. ಪತ್ರ, ಬರಹ ಎಂದರ್ಥ. ಪಂಚರ ಎದುರು ಬರೆದದ್ದು ಪಂಚನಾಮೆ, ಕರಾರು ಬರೆದದ್ದು ಕರಾರುನಾಮೆ, ಫಿರ್ದೌಸಿ ಇರಾನಿನ ಅರಸರ ಕತೆ ಬರೆದದ್ದು ಶಾಹನಾಮೆ. 'ರಾಜಿ' ಅರಬ್ಬಿಯಿಂದ ಪಾರಸಿಗೆ ಬಂದದ್ದು: ಒಪ್ಪಿದ, ತೃಪ್ತಿಯಾದ, ಮನಸ್ಸು ಸಮ್ಮತಿಸಿದ ಎಂಬ ಅರ್ಥದ್ದು. ಎರಡನ್ನೂ ಕೂಡಿಸಿದರೆ ಒಪ್ಪಿಗೆಯ ಪತ್ರ. ಹಳೆಯ ಖರೀದಿ ಪತ್ರಗಳಲ್ಲಿ 'ನನ್ನ ರಾಜೀಖುಷಿಯಿಂದ ಬರೆದುಕೊಟ್ಟದ್ದು' ಎಂಬ ಮಾತು ಇರುತ್ತದಲ್ಲ, ಆ ರಾಜಿಯೇ ಇದು.

ಇಷ್ಟು ನನಗೆ ಮೊದಲೇ ಅಷ್ಟಿಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಮುಂದೆ ಕಂಡಿತು. ಅದೇ ಅರಬ್ಬಿ ಬೇರಿನ ಇನ್ನೊಂದು ಕುಡಿ ನಮ್ಮ 'ರಜೆ'. ರಜಾ ಎಂದರೆ ಮೇಲಿನವರ ಸಮ್ಮತಿ, ಅಪ್ಪಣೆ. ಹೋಗಲು ಅಪ್ಪಣೆ ಸಿಕ್ಕ ದಿನವೇ ರಜೆಯ ದಿನ. ಶಾಲೆಯ ಮಕ್ಕಳು ಕುಣಿಯುವ ರಜೆ, ಕೋರ್ಟಿನ ಕಟ್ಟೆಯ ಮೇಲೆ ಕೂತು ಮಾಡಿಕೊಳ್ಳುವ ರಾಜಿ, ತಂಗಿ ಬರೆದಿಟ್ಟ ರಾಜೀನಾಮೆ, ಮೂರೂ ಒಂದೇ ತಾಯಿಯ ಮಕ್ಕಳು.

ತಂಗಿಯ ಒಂಬತ್ತು ವರ್ಷಗಳೂ ಇದೇ ಕ್ರಮದಲ್ಲಿ ಕಳೆದಿದ್ದವು. ಮೊದಮೊದಲು ಬೇಸರವಾದಾಗ ರಜೆ ಕೇಳುತ್ತಿದ್ದಳು. ನಾಲ್ಕು ದಿನ ಮನೆಗೆ ಬಂದು, ಅವ್ವನ ಕೈಯ ರೊಟ್ಟಿ ತಿಂದು, ಮಲಗಿ ಎದ್ದು ಹೋಗುತ್ತಿದ್ದಳು. ಆಮೇಲೆ ರಜೆ ಸಾಲದಾಯಿತು. ಭಾನುವಾರ ಸಂಜೆ ಆರಾದರೆ ಹೊಟ್ಟೆ ಕಿವುಚುತ್ತದೆ ಎನ್ನತೊಡಗಿದಳು. ಆಗ ನಾವೆಲ್ಲ ಹೇಳಿದ್ದು ರಾಜಿ ಮಾಡಿಕೋ ಎಂದು. ಪಗಾರ ಚೆನ್ನಾಗಿದೆ, ಸಾಲ ಇದೆ, ಎಲ್ಲ ಕಡೆ ಇದೇ ಹಾಡು ಎಂದೆವು. ನಾನೂ ಹೇಳಿದೆ. ಒಪ್ಪಿದ, ತೃಪ್ತಿಯಾದ ಎಂದಿದ್ದ ಮಾತು ನಮ್ಮಲ್ಲಿಗೆ ಬರುವಷ್ಟರಲ್ಲಿ ಅರ್ಧ ಒಪ್ಪಿದ, ಹಲ್ಲು ಕಚ್ಚಿ ಒಪ್ಪಿದ ಎಂದಾಗಿದೆ. ರಾಜಿ ಮಾಡಿಕೊಂಡವನ ಮುಖದಲ್ಲಿ ತೃಪ್ತಿ ಕಾಣುವುದಿಲ್ಲ. ಆ ಮೂಲದ ಪೂರ್ತಿ ಸಮ್ಮತಿ ಉಳಿದಿದ್ದರೆ ರಾಜೀನಾಮೆಯಲ್ಲಿ ಮಾತ್ರ ಉಳಿದಿದೆ ಎಂದು ಆ ರಾತ್ರಿ ಅನ್ನಿಸಿತು. ಒಂಬತ್ತು ವರ್ಷದಲ್ಲಿ ಅವಳು ಮನಸಾರೆ ಒಪ್ಪಿ ಬರೆದ ಮೊದಲ ಪತ್ರ ಅದು.

ಹಿಂದಿಯವರು ಇದಕ್ಕೆ ಇಸ್ತೀಫಾ ಎನ್ನುತ್ತಾರೆ. ಅದರ ಅರಬ್ಬಿ ಬೇರು ನಮ್ಮ 'ಸಾಲ ಮಾಫಿ'ಯ ಮಾಫಿಯದೇ. ಕ್ಷಮಿಸಿ, ನನ್ನನ್ನು ಬಿಟ್ಟುಕೊಡಿ ಎಂದು ಬೇಡಿಕೊಳ್ಳುವುದು ಇಸ್ತೀಫಾ. ಇರಾನಿನಲ್ಲೂ ಟರ್ಕಿಯಲ್ಲೂ ಕೆಲಸ ಬಿಡುವುದಕ್ಕೆ ಆ ಮಾತೇ ಇದೆ. ಮರಾಠಿಯವರೂ ಗುಜರಾತಿಯವರೂ ನಾವೂ ಆರಿಸಿಕೊಂಡದ್ದು ರಾಜೀನಾಮೆಯನ್ನು. ಕ್ಷಮೆ ಕೇಳುವುದಕ್ಕಿಂತ ಸಮ್ಮತಿ ತಿಳಿಸುವುದು ನನಗೆ ಹೆಚ್ಚು ಘನವಾಗಿ ಕಾಣುತ್ತದೆ.

ಆದರೆ ಒಪ್ಪಿಗೆಯ ಪತ್ರ ಬಿಡುವ ಪತ್ರವಾದದ್ದು ಹೇಗೆ? ಉತ್ತರ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಹೊಲ ಬಿಡುವ ರೈತ ಸರ್ಕಾರಕ್ಕೆ ರಾಜೀನಾಮೆ ಕೊಡಬೇಕಿತ್ತು. ಅದೇ ಹೊಲ ಹಿಡಿಯುವವನು ಕಬೂಲಾತಿ ಬರೆದುಕೊಡಬೇಕಿತ್ತು. ಈ ಹೊಲ ಬಿಡಲು ನಾನು ರಾಜಿ ಎಂದು ಒಬ್ಬ, ಇದರ ಕಂದಾಯ ಕಟ್ಟಲು ನನಗೆ ಕಬೂಲು ಎಂದು ಇನ್ನೊಬ್ಬ. ನೌಕರಿ ಬಿಡುವ ಪತ್ರಕ್ಕೂ ಮುಂಚೆ ಇದು ನೆಲ ಬಿಡುವ ಪತ್ರವಾಗಿತ್ತು. ನಮ್ಮ ಮುತ್ತಜ್ಜ ಬರೆದುಕೊಟ್ಟ ಅಂಥದೊಂದು ಕಾಗದದ ನಕಲು, ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗಿ, ಟ್ರಂಕಿನ ತಳದಲ್ಲಿ ಉಳಿದಿದೆ. ಅವ್ವ ಆ ಹೊಲದ ಮಾತು ಬಂದಾಗ "ಹೊಲ ಹೋತು" ಎನ್ನುತ್ತಾಳೆ. ಕಾಗದ ಮಾತ್ರ ತನ್ನ ಸ್ವಂತ ಸಮ್ಮತಿಯಿಂದ ಬಿಟ್ಟ ಎನ್ನುತ್ತದೆ. ಮಳೆಯಿಲ್ಲದ ವರ್ಷ, ತೀರಿಸಲಾಗದ ಕಂದಾಯ, ಮುಂದೆ ನಿಂತ ಕಾರಕೂನ. ಮುತ್ತಜ್ಜನ ಹೆಬ್ಬೆರಳಿನ ಗುರುತಿನಲ್ಲಿ ರಾಜಿ ಎಷ್ಟಿತ್ತು, ಖುಷಿ ಎಷ್ಟಿತ್ತು?

ಆ ಕಾಗದ ನೋಡಿದ ಮೇಲೆ ಈಗಿನ ಒಂದು ರೂಢಿಯ ಮೇಲೆ ನನಗೆ ಸಿಟ್ಟು ಹೆಚ್ಚಾಯಿತು. ಕೆಲಸದಿಂದ ತೆಗೆಯುವವರೇ ಒಳಗೆ ಕರೆದು, ನೀವಾಗಿಯೇ ರಾಜೀನಾಮೆ ಬರೆದುಬಿಡಿ, ಮುಂದಿನ ನೌಕರಿಗೆ ಅದೇ ಒಳ್ಳೆಯದು ಎನ್ನುತ್ತಾರೆ. ಮಧ್ಯಾಹ್ನದೊಳಗೆ ಬರೆಸಿಕೊಂಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕಳಿಸುತ್ತಾರೆ. ಅದಕ್ಕೆ ವಜಾ ಎಂಬ ಮಾತು ನಮ್ಮಲ್ಲಿ ಇದೆ. ವಜಾ ಮಾಡುವವರು ವಜಾ ಎಂದೇ ಬರೆಯಲಿ. ಇಷ್ಟವಿಲ್ಲದವನ ಕೈಯಲ್ಲಿ ಒಪ್ಪಿಗೆಯ ಪತ್ರ ಬರೆಸುವುದು ಆ ಮನುಷ್ಯನಿಗೂ ಅನ್ಯಾಯ, ಆ ಮಾತಿಗೂ ಅನ್ಯಾಯ.

ನಾಮೆಗಳಲ್ಲಿ ಬಾಬರ್‌ನಾಮೆಯೂ ಒಂದು. ಅದರೊಳಗೆ ನಿಜವಾದ ರಾಜೀನಾಮೆಯ ಕತೆಯೊಂದು ಇದೆ. 1526ರ ಏಪ್ರಿಲ್‌ನಲ್ಲಿ ಪಾಣಿಪತ್ ಗೆದ್ದ ಬಾಬರ್ ಆಗ್ರಾಕ್ಕೆ ಬಂದ. ಬೇಸಿಗೆ ಸುಡುತ್ತಿತ್ತು. ಅವನ ಸರದಾರರು ಕಾಬೂಲಿಗೆ ಹೋಗೋಣ ಎಂದರು. ಬಾಬರ್ ಎಲ್ಲರನ್ನೂ ಕೂರಿಸಿ ಸಮಾಧಾನ ಹೇಳಿದ. ಬಹಳ ಜನ ಒಪ್ಪಿದರು. ಒಪ್ಪದೆ ಉಳಿದವನು ಅವನ ಆಪ್ತ ಖ್ವಾಜಾ ಕಲಾನ್. ಬಾಬರ್ ಅವನಿಗೆ ಗಜ್ನಿಯ ಕಡೆಯ ಹೊಣೆ ಕೊಟ್ಟು ಕಳಿಸಿಕೊಟ್ಟ. ಹೋಗುವ ಮುಂಚೆ ಖ್ವಾಜಾ ತನ್ನ ದಿಲ್ಲಿಯ ಮನೆಯ ಗೋಡೆಯ ಮೇಲೆ, ಸಿಂಧು ನದಿ ದಾಟಿದರೆ ಮತ್ತೆ ಹಿಂದುಸ್ತಾನವನ್ನು ಬಯಸುವುದಿಲ್ಲ ಎಂಬ ಭಾವದ ದ್ವಿಪದಿ ಬರೆದುಹೋದ. ಬಾಬರನಿಗೆ ನೋವಾಯಿತು. ಆದರೂ 1529ರಲ್ಲಿ ಅದೇ ಖ್ವಾಜಾನಿಗೆ ಬರೆದ ಕಾಗದದಲ್ಲಿ, ಆ ಕಡೆಯಿಂದ ಬಂದ ಕರಬೂಜದ ಹಣ್ಣು ಕೊಯ್ದು ತಿನ್ನುವಾಗ ಅಳು ಬಂತು ಎಂದು ಹೇಳಿಕೊಂಡಿದ್ದಾನೆ. ಬಿಟ್ಟುಹೋದವನಿಗೆ ಉಳಿದವನು ಬರೆದ ಕಾಗದಗಳಲ್ಲಿ ಇದಕ್ಕಿಂತ ಮನಸ್ಸು ತಟ್ಟುವುದನ್ನು ನಾನು ಓದಿಲ್ಲ.

ತಂಗಿ ಹೊರಟದ್ದು ಜರ್ಮನಿಗೆ, ಮತ್ತೆ ವಿದ್ಯಾರ್ಥಿನಿಯಾಗಿ, ಮೂವತ್ತೆರಡನೆಯ ವಯಸ್ಸಿನಲ್ಲಿ. ಬೆಂಗಳೂರಿನಿಂದ ವಿಮಾನ ಹತ್ತಿದ್ದರೆ ಒಂದು ರಾತ್ರಿಯ ದಾರಿ. ಅವಳಿಗೆ ಅದು ಬೇಡವಾಗಿತ್ತು. "ಒಂಬತ್ತು ವರ್ಷದ್ದು ಒಂದ್ ರಾತ್ರಿಗೆ ಇಳಿಯೂದಿಲ್ಲಕ್ಕಾ, ನಡು ದಾರಿ ಬೇಕು" ಎಂದಳು. ನೆಲದ ಮೇಲೆಯೇ ಹೋಗುತ್ತೇನೆ ಎಂದು ಹಟ ಹಿಡಿದಳು.

ಆ ದಾರಿ ಒಂದು ಕಾಲಕ್ಕೆ ತೆರೆದೇ ಇತ್ತು. 1957ರ ಏಪ್ರಿಲ್ 15ರಂದು ಲಂಡನ್ ಬಿಟ್ಟ 'ಇಂಡಿಯಾಮನ್' ಬಸ್ಸು ಜೂನ್ 5ಕ್ಕೆ ಕಲ್ಕತ್ತೆ ಮುಟ್ಟಿತು; ಒಂದು ಕಡೆಯ ಟಿಕೆಟ್ಟು 85 ಪೌಂಡು. ಆಮೇಲಿನ ಇಪ್ಪತ್ತು ವರ್ಷ ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರ್, ದಿಲ್ಲಿ ದಾಟಿ ಕಠ್ಮಂಡುವಿನ ತನಕ ಯುರೋಪಿನ ತರುಣರು ಹರಿದುಬಂದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ದಾರಿ ಮುಚ್ಚಿತು.

ಮುಚ್ಚುವ ಮುಂಚೆ ಈ ಕಡೆಯಿಂದ ಆ ಕಡೆಗೆ ಹೋದವರಲ್ಲಿ ಒಡಿಶಾದ ಪ್ರದ್ಯುಮ್ನ ಕುಮಾರ್ ಮಹಾನಂದಿಯಾ ಒಬ್ಬರು. ದಿಲ್ಲಿಯ ಕನಾಟ್ ಪ್ಲೇಸಿನಲ್ಲಿ ಕೂತು ದಾರಿಹೋಕರ ಚಿತ್ರ ಬರೆಯುತ್ತಿದ್ದ ಅವರು 1977ರ ಜನವರಿಯಲ್ಲಿ ಸೈಕಲ್ ಹತ್ತಿ ಹೊರಟರು. ಸ್ವೀಡನ್ನಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಅಫ್ಘಾನಿಸ್ತಾನ, ಇರಾನ್, ಟರ್ಕಿ ದಾಟಿ, ಕೊನೆಯ ಭಾಗ ರೈಲಿನಲ್ಲಿ, ಮೇ ಕೊನೆಗೆ ತಲುಪಿದರು. ಅಲ್ಲೇ ಚಿತ್ರಕಲೆಯ ಮೇಷ್ಟ್ರಾದರು. ಅವರ ಕತೆಯನ್ನು ತಂಗಿ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಅವಳಿಗೆ ಆ ಭಾಗ್ಯ ಪೂರ್ತಿ ಸಿಗಲಿಲ್ಲ. ಪಾಕಿಸ್ತಾನದ ವೀಸಾದ ಆಸೆ ಬಿಟ್ಟು ಮುಂಬಯಿಯಿಂದ ತೆಹರಾನಿಗೆ ಹಾರಲೇಬೇಕಾಯಿತು. ಅಲ್ಲಿಂದ ಮುಂದೆ ಐದು ವಾರ ಬಸ್ಸು, ರೈಲು, ಕಾಲ್ನಡಿಗೆ.

ನಮ್ಮ ಮಾತುಗಳು ಬಂದ ದಾರಿಯಲ್ಲಿ ಅವಳು ಹಿಂದಕ್ಕೆ ನಡೆಯುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು. ಎಲ್ಲ ಮಾತೂ ನೆಲದ ಮೇಲೇ ಬರಲಿಲ್ಲ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ಹೊರಟು ದಾಭೋಳದ ಬಂದರಿನಲ್ಲಿ ಇಳಿದು ಬೀದರಿಗೆ ಬಂದವನು. 'ಪಗಾರ'ವಂತೂ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಆದರೆ 'ನೌಕರ' ಕುದುರೆಯ ಬೆನ್ನಿನ ಮೇಲೆ ಬಂದವನು. ಮಂಗೋಲರ ಭಾಷೆಯಲ್ಲಿ ನೋಕೋರ್ ಎಂದರೆ ಜೊತೆಗಾರ, ಸಂಗಾತಿ. ಪಾರಸಿಯ ದರಬಾರು ಹೊಕ್ಕು ಅವನು ಆಳಾದ, ನಮ್ಮ ಕಚೇರಿ ಹೊಕ್ಕು ನೌಕರನಾದ. ಸಂಗಾತಿಯಾಗಿ ಹೊರಟ ಮಾತು ದಾರಿಯಲ್ಲಿ ಎಷ್ಟೊಂದು ಕಳೆದುಕೊಂಡಿತು.

ತೆಹರಾನಿನಲ್ಲಿ ಒಬ್ಬ ಅಂಗಡಿಯವ ಪಿಸ್ತಾ ತೂಗಿ ಕೊಟ್ಟು, ಮೇಲೊಂದು ಹಿಡಿ ಹಾಕಿ, "ರಾಝೀ ಹಸ್ತೀದ್?" ಎಂದು ಕೇಳಿದನಂತೆ. ನಿಮಗೆ ಸಮಾಧಾನವೇ ಎಂದು. "ಅಕ್ಕಾ, ನಮ್ಮ ಅರ್ಧ ರಾಜೀನಾಮೆ ಸಿಕ್ತು ನೋಡು" ಎಂದು ಅವಳು ಆವತ್ತೇ ಬರೆದಳು. ತಬ್ರೀಜ್ ದಾಟಿ, ಗಡಿಯ ಆಚೆ ಹಿಮ ಹೊತ್ತ ಅರಾರತ್ ಪರ್ವತ ನೋಡಿ, ಎರ್ಜುರುಮಿನ ಬಸ್ಸಿನಲ್ಲಿ ಒಬ್ಬ ಮುದುಕಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಮುದುಕಿ ಅವಳ ಕೈ ಹಿಡಿದು "ಅಲ್ಲಾ ರಾಝೀ ಓಲ್ಸುನ್" ಎಂದಳು. ದೇವರು ನಿನ್ನ ವಿಷಯದಲ್ಲಿ ರಾಜಿಯಾಗಲಿ, ಪ್ರಸನ್ನನಾಗಲಿ. ಟರ್ಕಿಯಲ್ಲಿ ಉಪಕಾರ ನೆನೆಯುವ ಮಾತು ಅದು. ಅಲ್ಲಿಯೇ ತಾನು ಅತ್ತೆ ಎಂದು ತಂಗಿ ಆಮೇಲೆ ಹೇಳಿದಳು. ಕಂಪನಿ ಬಿಟ್ಟ ದಿನ ಅತ್ತಿರಲಿಲ್ಲ, ಮನೆ ಬಿಟ್ಟ ದಿನ ಅತ್ತಿರಲಿಲ್ಲ.

ಇಸ್ತಾಂಬುಲ್, ಸೋಫಿಯಾ, ಬೆಲ್ಗ್ರೇಡ್, ಬುಡಾಪೆಸ್ಟ್, ವಿಯೆನ್ನಾ. ಕೊನೆಗೆ ಲೈಪ್‌ಜಿಗ್. ಮೊದಲ ಚಳಿಗಾಲ ಕಠಿಣವಾಗಿತ್ತು. ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗುತ್ತದೆ, ಮಾತನಾಡಲು ಯಾರೂ ಇಲ್ಲ ಎನ್ನುತ್ತಿದ್ದಳು. ಬಿಟ್ಟದ್ದು ತಪ್ಪಾಯಿತೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವ್ವ ಮಾತ್ರ ಆರು ತಿಂಗಳು ತನ್ನ ಪ್ರಶ್ನೆ ಬಿಡಲಿಲ್ಲ: ಯಾಕ ಬಿಟ್ಲು? ಅವಳಿಗೆ 'ಬಿಡು' ಎಂದರೆ ಶಾಲೆ ಬಿಟ್ಟವನು, ಗಂಡ ಬಿಟ್ಟವಳು, ಊರು ಬಿಟ್ಟವರು. ಅದೇ ಬಿಡುವಿನಿಂದ ಬೀಡು, ಬಿಡಾರ, ಬೀಗರನ್ನು ಇಳಿಸುವ ಬಿಡದಿ ಮನೆ ಎಲ್ಲ ಬಂದಿವೆ; ತಮಿಳರ, ಮಲೆಯಾಳಿಗಳ ವೀಡು ಎಂಬ ಮನೆಯೂ ಅದರ ಬಳಗವೇ ಎಂದು ನಾನು ಒಂದು ದಿನ ಹೇಳಿದೆ. ಬಿಟ್ಟವರೇ ಬಿಡಾರ ಹೂಡಬೇಕಲ್ಲವೇ ಎಂದೆ. ಅವ್ವ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಮುಂದಿನ ಸಲ ತಂಗಿಯ ಫೋನು ಬಂದಾಗ ಪ್ರಶ್ನೆ ಬದಲಾಗಿತ್ತು: "ಬಿಡಾರ ಹೆಂಗೈತಿ?"

ಮೊನ್ನೆ ತಂಗಿ ಲೈಪ್‌ಜಿಗ್‌ನಲ್ಲೇ ಮನೆ ಬದಲಿಸಿದಳು. ಹಳೆಯ ಬಾಡಿಗೆ ಮನೆಗೆ ಮೂರು ತಿಂಗಳ ಮುಂಚೆ ಬಿಡುತ್ತೇನೆಂದು ಬರೆದುಕೊಡಬೇಕು. ಆ ಪತ್ರಕ್ಕೆ ಜರ್ಮನ್ನಿನಲ್ಲಿ ಕ್ಯುಂಡಿಗುಂಗ್ ಎನ್ನುತ್ತಾರೆ, ನೌಕರಿ ಬಿಡುವುದಕ್ಕೂ ಅದೇ ಮಾತು. ತಿಳಿಸುವುದು ಎಂಬ ಅರ್ಥದಿಂದ ಬಂದದ್ದು, ನಮ್ಮ ಜ್ಞಾನದ 'ಜ್ಞಾ'ಗೂ ಅದಕ್ಕೂ ದೂರದ ನಂಟಿದೆ. ನೆಲ ಬಿಡಲೂ ನೌಕರಿ ಬಿಡಲೂ ಒಂದೇ ಪತ್ರ, ಮುತ್ತಜ್ಜನ ಕಾಲದಲ್ಲಿದ್ದಂತೆ.

ಹೊಸ ಮನೆಗೆ ಸಣ್ಣದೊಂದು ಬಾಲ್ಕನಿ ಇದೆ. ಅಲ್ಲಿ ಕುಂಡದಲ್ಲಿ ಮೆಂತ್ಯೆ ಬಿತ್ತಿ ಫೋಟೋ ಕಳಿಸಿದ್ದಳು. ಅವ್ವ ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. "ಭಾಳ ಒತ್ತ ಬಿತ್ಯಾಳ. ಕಿತ್ತು ಬಿಡಿಸಿ ಹಚ್ಚಂತ ಹೇಳು, ಚಲೋ ಬರ್ತಾವು" ಎಂದು ಫೋನು ನನ್ನ ಕೈಗೆ ಕೊಟ್ಟಳು.